ಬೇಸಿಗೆಯ ಪಥ್ಯ ಮಗುವಿಗಷ್ಟೇ ಅಲ್ಲ, ತಾಯಿಗೂ

ಯುಗಾದಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಚಾಮರಾಜನಗರ, ಗುಂಡ್ಲುಪೇಟೆಯ ಕಡೆಯ ತಾಯಂದಿರು ವೈದ್ಯರ ಮುಂದೆ ಇಡುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಗುವಿನ ಮೈಮೇಲೆ ಬೆವರುಸಾಲೆ ಎದ್ದಿದೆ, ಏನು ಹಚ್ಚಬೇಕು? ಉರಿಮೂತ್ರವಾಗಿದೆ, ಏನು ಕುಡಿಸಬೇಕು? ಮಗು ಅನ್ನ ಬಿಟ್ಟಿದೆ, ಏನು ತಿನ್ನಿಸಬೇಕು? ಇವಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಆದರೆ 'ಬೆಳಗಿನಿಂದ ನೀವು ಎಷ್ಟು ನೀರು ಕುಡಿದಿರಿ?' ಎಂದು ನಾವು ಮರುಪ್ರಶ್ನೆ ಹಾಕಿದರೆ ಬಹುಪಾಲು ತಾಯಂದಿರಲ್ಲಿ ಉತ್ತರವಿರುವುದಿಲ್ಲ. ಬೇಸಿಗೆಯ ಆರೋಗ್ಯದ ಕುರಿತು ನಾವು ಬರೆಯುವುದೂ ಹೇಳುವುದೂ ಮಗುವಿನ ಸುತ್ತಲೇ ಸುತ್ತುತ್ತದೆ. ಮಗುವನ್ನು ಹೊತ್ತ ತಾಯಿ ಆ ಮಾತಿನ ಹೊರಗೇ ಉಳಿಯುತ್ತಾಳೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಪಂಚಾಂಗದ ಪ್ರಕಾರ ಜ್ಯೇಷ್ಠ, ಆಷಾಢ ಮಾಸಗಳು ಗ್ರೀಷ್ಮ ಋತು. ನಮ್ಮ ಸೀಮೆಯಲ್ಲಿ ಆ ಹೊತ್ತಿಗೆ ವಯನಾಡಿನ ಕಡೆಯಿಂದ ತಂಗಾಳಿ ಬೀಸತೊಡಗಿರುತ್ತದೆ. ಇಲ್ಲಿ ನಿಜವಾದ ಸುಡುಬಿಸಿಲು ಮಾರ್ಚ್‌ನಿಂದ ಮೇ ತಿಂಗಳವರೆಗೆ, ಅಂದರೆ ಪಂಚಾಂಗದ ವಸಂತದಲ್ಲಿಯೇ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ನೆಲದಲ್ಲಿ ಕೆರೆ ಬತ್ತುವುದೂ ಕೊಳವೆಬಾವಿ ಸೊರಗುವುದೂ ಇದೇ ತಿಂಗಳುಗಳಲ್ಲಿ. ಆದ್ದರಿಂದ ಗ್ರೀಷ್ಮದ ಋತುಚರ್ಯೆಯನ್ನು ತಿಂಗಳ ಹೆಸರು ನೋಡಿ ಅಲ್ಲ, ಮೈಗೆ ತಟ್ಟುವ ಬಿಸಿಲನ್ನು ನೋಡಿ ಆರಂಭಿಸಬೇಕು.

ಆ ಋತುಚರ್ಯೆ ಏನು ಹೇಳುತ್ತದೆ? ಸಿಹಿಯಾದ, ತಂಪಾದ, ದ್ರವವಾದ, ಸ್ನಿಗ್ಧವಾದ ಆಹಾರವನ್ನು ಸೇವಿಸಬೇಕು. ಉಪ್ಪು, ಹುಳಿ, ಖಾರಗಳನ್ನು ಕಡಿಮೆ ಮಾಡಬೇಕು. ಹೆಚ್ಚು ದೇಹಶ್ರಮ ಕೂಡದು. ಬೇರೆ ಋತುಗಳಲ್ಲಿ ಸಾಮಾನ್ಯವಾಗಿ ನಿಷೇಧಿಸಿದ ಹಗಲುನಿದ್ರೆಗೆ ಗ್ರೀಷ್ಮದಲ್ಲಿ ಮಾತ್ರ ಅನುಮತಿಯಿದೆ. ವಾಗ್ಭಟರ ಅಷ್ಟಾಂಗಹೃದಯದಲ್ಲಿ ತಣ್ಣೀರು ಚಿಮುಕಿಸಿದ ಮನೆ, ಎತ್ತರದ ಮರಗಳ ನೆರಳು, ಬೆಳದಿಂಗಳ ಉಪ್ಪರಿಗೆಗಳ ವರ್ಣನೆಯೂ ಬರುತ್ತದೆ. ಇದನ್ನು ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಆ ಮನೆಗೆ ನೀರು ತರುವವರು, ಅಡುಗೆ ಮಾಡುವವರು ಬೇರೆ ಯಾರೋ ಇದ್ದರು. ನಮ್ಮ ಊರುಗಳಲ್ಲಿ ಆ ಎಲ್ಲ ಕೆಲಸವನ್ನೂ ಮಾಡುವವಳು, ಋತುಚರ್ಯೆಯನ್ನು ಪಾಲಿಸಬೇಕಾದವಳು ಒಬ್ಬಳೇ.

ಆಕೆಯ ದಿನವನ್ನು ನೋಡೋಣ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಏಳಬೇಕು, ಅದು ನಸುಕಿನಲ್ಲಾದರೂ ಸರಿ. ಒಲೆಯ ಮುಂದೆ ಎರಡು ಗಂಟೆ ನಿಲ್ಲಬೇಕು. ಶಾಲೆಗೆ ರಜೆಯಾದ್ದರಿಂದ ಮಕ್ಕಳು ದಿನವಿಡೀ ಮನೆಯಲ್ಲಿರುತ್ತಾರೆ. ದೊಡ್ಡವನು ಕೆರೆಗೋ ಕೃಷಿಹೊಂಡಕ್ಕೋ ಇಳಿಯದಂತೆ ಕಣ್ಣಿಡಬೇಕು, ಚಿಕ್ಕದಕ್ಕೆ ಹಾಲೂಡಿಸಬೇಕು. ಒಂದು ಹದಮಳೆ ಬಿದ್ದರೆ ಹೊಲದ ಕೆಲಸ ಕರೆಯುತ್ತದೆ. ಅರಿಶಿನವೋ ಸಣ್ಣ ಈರುಳ್ಳಿಯೋ, ಬಾಗಿ ಮಾಡುವ ಕೆಲಸವೆಲ್ಲ ಹೆಣ್ಣಿನದೇ. ಹೊಲದಲ್ಲಿ ಮರೆಯಿಲ್ಲವೆಂದು ಆಕೆ ನೀರನ್ನೇ ಕುಡಿಯುವುದಿಲ್ಲ. ಸಂಜೆಗೆ ತಲೆನೋವು, ಉರಿಮೂತ್ರ, ಸಿಡುಕು. ಮನೆಯವರಿಗೆ ಕಾಣುವುದು ಸಿಡುಕು ಮಾತ್ರ.

ಹಾಲೂಡಿಸುವ ತಾಯಿಯ ವಿಷಯದಲ್ಲಿ ಇದು ಇನ್ನೂ ಗಂಭೀರ. ಆಯುರ್ವೇದವು ಸ್ತನ್ಯವನ್ನು ರಸಧಾತುವಿನ ಉಪಧಾತುವೆಂದು ಕರೆಯುತ್ತದೆ. ತಾಯಿಯ ಆಹಾರರಸ ಚೆನ್ನಾಗಿದ್ದರೆ ಹಾಲೂ ಚೆನ್ನಾಗಿರುತ್ತದೆ. ಮೊದಲ ಆರು ತಿಂಗಳಲ್ಲಿ ತಾಯಿ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲನ್ನು ಮಗುವಿಗೆ ನೀಡುತ್ತಾಳೆ. ಅದರಲ್ಲಿ ಶೇ. 88ರಷ್ಟು ನೀರೇ. ಈ ಕಾರಣದಿಂದಲೇ ಆರು ತಿಂಗಳು ತುಂಬದ ಕೂಸಿಗೆ ಎಂತಹ ಬಿಸಿಲಿನಲ್ಲಿಯೂ ಬೇರೆ ನೀರು, ಸಕ್ಕರೆ ನೀರು, ಜೀರಿಗೆ ಕಷಾಯ ಬೇಡ. ಮತ್ತೆ ಮತ್ತೆ ಹಾಲೂಡಿಸಿದರೆ ಸಾಕು. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡ. ಕುಡಿಯಬೇಕಾದವಳು ತಾಯಿ.

ಇಲ್ಲಿಯೇ ನಮ್ಮ ಕಡೆಯ ಒಂದು ರೂಢಿಯನ್ನು ವಿರೋಧಿಸಬೇಕಾಗಿದೆ. ಬಾಣಂತಿಗೆ ಹೆಚ್ಚು ನೀರು ಕೊಟ್ಟರೆ ಶೀತವಾಗುತ್ತದೆ, ಹೊಟ್ಟೆ ದಪ್ಪವಾಗುತ್ತದೆ ಎಂದು ಹಿರಿಯರು ಲೋಟವನ್ನು ಅಳೆದು ಕೊಡುತ್ತಾರೆ. ಏಪ್ರಿಲ್ ತಿಂಗಳಲ್ಲಿಯೂ ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಬಟ್ಟೆ, ಮುಚ್ಚಿದ ಕೋಣೆ, ಪಕ್ಕದಲ್ಲಿ ಕೆಂಡ. ಸೂತಿಕೆಗೆ ಬೆಚ್ಚಗಿನ ಉಪಚಾರವನ್ನು ಶಾಸ್ತ್ರ ಹೇಳಿದೆ ನಿಜ, ಬಾಯಾರಿಸಬೇಕೆಂದು ಹೇಳಿಲ್ಲ. ಕಾಯಿಸಿ ಆರಿಸಿದ ನೀರನ್ನು ಬೇಕಾದಷ್ಟು ಕೊಡಬಹುದು, ಕೊಡಲೇಬೇಕು. ಕೋಣೆಗೆ ಗಾಳಿ ಬರಲಿ. ಅಜ್ಜಿಯರ ಅನುಭವವನ್ನು ನಾವು ಗೌರವಿಸುತ್ತೇವೆ. ಆದರೆ ಚಳಿಗಾಲದ ಪಥ್ಯವನ್ನು ಬೇಸಿಗೆಗೆ ಹೊರಿಸುವುದು ಪಥ್ಯವಲ್ಲ.

ಆಹಾರಕ್ಕೆ ಖರ್ಚು ಮಾಡಬೇಕಾಗಿಲ್ಲ. ರಾಗಿ ಅಂಬಲಿಗೆ ನೀರುಮಜ್ಜಿಗೆ, ಹೆಸರುಬೇಳೆಯ ಪಾಯಸ ಅಥವಾ ಕೋಸಂಬರಿ, ರಾತ್ರಿ ನೆನೆಸಿಟ್ಟ ಕೊತ್ತಂಬರಿ ಬೀಜದ ಶೋಧಿಸಿದ ನೀರು, ಲಾವಂಚ ಹಾಕಿದ ಮಡಕೆಯ ನೀರು, ಬೆಲ್ಲದ ಪಾನಕ, ಬಾಳೆಹಣ್ಣು. ಹಾಲೂಡಿಸಲು ಕುಳಿತಾಗಲೆಲ್ಲ ತಾಯಿಯ ಕೈಗೆ ಒಂದು ಲೋಟ ನೀರು ಬರಲಿ. ಮೂತ್ರದ ಬಣ್ಣ ಗಾಢ ಹಳದಿಯಾಗಿದ್ದರೆ ಅದು ಸಾಲುತ್ತಿಲ್ಲವೆಂದು ತಿಳಿಯಬೇಕು.

ಬೇಸಿಗೆಯಲ್ಲಿ ಮಕ್ಕಳಿಗೆ ಭೇದಿಯ ಭಯ ಹೆಚ್ಚು. ಭೇದಿಯಾದಾಗ ಅನ್ನ, ಹಾಲು ನಿಲ್ಲಿಸುವುದು ತಪ್ಪು. ಓಆರ್‌ಎಸ್ ಪುಡಿ ಕೊಡಬೇಕು. ಅದು ಸಿಗುವವರೆಗೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಸಮ ಚಹಾಚಮಚ ಸಕ್ಕರೆ, ಅರ್ಧ ಸಮ ಚಹಾಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ವೈದ್ಯರು ಬರೆದ ಸತುವಿನ ಮಾತ್ರೆಯನ್ನು 14 ದಿನ ಪೂರ್ತಿ ಕೊಡಬೇಕು. ಆಯುರ್ವೇದ ವೈದ್ಯರು ಇದನ್ನು ಹೇಳಬಹುದೇ ಎಂದು ಕೇಳುವವರಿದ್ದಾರೆ. ಮಗುವಿನ ಮೈಯಲ್ಲಿ ನೀರು ನಿಲ್ಲಿಸುವ ಯಾವ ಉಪಾಯವೂ ಆಯುರ್ವೇದಕ್ಕೆ ಹೊರತಲ್ಲ. ಕಣ್ಣು ಗುಳಿಬಿದ್ದರೆ, ಕೂಸಿನ ನೆತ್ತಿ ಕುಸಿದರೆ, ಆರೇಳು ಗಂಟೆ ಮೂತ್ರವಾಗದಿದ್ದರೆ, ಮಗು ಮಂಕಾಗಿ ಕುಡಿಯಲಾರದಿದ್ದರೆ, ಮೈ ಸುಡುತ್ತಾ ಫಿಟ್ಸ್ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ. 108ಕ್ಕೆ ಕರೆಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ.

ಇಷ್ಟೆಲ್ಲವನ್ನೂ ತಾಯಿಗೆ ಹೇಳಿ ಕಳುಹಿಸಿದರೆ ಆಕೆಯ ಹೊರೆಗೆ ಇನ್ನೊಂದು ಹೊರೆ ಸೇರಿದಂತಾಗುತ್ತದೆ. ಆದ್ದರಿಂದ ಬೇಸಿಗೆಯ ಪಥ್ಯದ ಚೀಟಿಯನ್ನು ಮನೆಯವರೆಲ್ಲರ ಹೆಸರಿಗೆ ಬರೆಯಬೇಕೆಂಬುದು ನಮ್ಮ ವಾದ. ನೀರು ತುಂಬುವ ಕೆಲಸ ಗಂಡನದಾಗಲಿ. ಮಧ್ಯಾಹ್ನ ಒಂದು ಗಂಟೆ ಅತ್ತೆ ಮಾವಂದಿರು ಮೊಮ್ಮಕ್ಕಳನ್ನು ನೋಡಿಕೊಳ್ಳಲಿ. ಆ ಹೊತ್ತು ತಾಯಿ ಮಲಗಲಿ. ಆ ನಿದ್ರೆ ಸೋಮಾರಿತನವಲ್ಲ, ಶಾಸ್ತ್ರವೇ ಒಪ್ಪಿದ ಔಷಧ. ಕೋಪ, ದುಃಖಗಳಿಂದ ಹಾಲು ಕುಗ್ಗುತ್ತದೆಂದು ಸುಶ್ರುತರು ಹೇಳಿದ್ದಾರೆ. ಆದ್ದರಿಂದ ಮನೆಮಂದಿಯ ಮೃದುಮಾತೂ ಚಿಕಿತ್ಸೆಯೇ.

ಊರಿನ ಹೊಣೆಯೂ ಇದೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. ನಡುಹಗಲಿನ ಬಿಸಿಲಿನಲ್ಲಿ ಹಸುಗೂಸನ್ನು ಎತ್ತಿಕೊಂಡು ಆಕೆ ಒಬ್ಬಳೇ ಹೇಗೆ ಹೋಗಬೇಕು? ಮನೆಯವರೊಬ್ಬರು ಕೊಡೆ ಹಿಡಿದು ಜೊತೆಗೆ ಹೋಗಬಾರದೇ? ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023–24ರ ರಾಜ್ಯ ಬಜೆಟ್ ಪ್ರಕಟಿಸಿತು. ನಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ, ಅಲ್ಲಿ ನೆರಳು, ಕುಡಿಯುವ ನೀರು ಇವೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು ಗಂಡಸರ ಕರ್ತವ್ಯವೂ ಹೌದು.

ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದದ್ದನ್ನು ಉಣ್ಣುವ ತಾಯಿಯನ್ನು ನಾವು ತ್ಯಾಗಮಯಿ ಎಂದು ಹೊಗಳುತ್ತೇವೆ. ದಾಸೋಹವೆಂದರೆ ಒಬ್ಬರು ಸದಾ ಬಡಿಸುತ್ತ, ಉಳಿದವರು ಸದಾ ಉಣ್ಣುವುದಲ್ಲ. ಶರಣರು ದೇಹವನ್ನು ಪ್ರಸಾದಕಾಯವೆಂದು ಕಂಡವರು. ಆ ಮಾತು ತಾಯಿಯ ದೇಹಕ್ಕೂ ಸಲ್ಲುತ್ತದೆ. ಬಸವ ಜಯಂತಿ ಬರುವುದು ಬೇಸಿಗೆಯ ನಡುವಿನಲ್ಲಿಯೇ. ಅಂದು ಊರೂರಿನಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವ ಸದ್ಭಕ್ತರು, ದಾರಿಹೋಕರಿಗೆ ನೀಡುವ ಮುನ್ನ ಮೊದಲ ಲೋಟವನ್ನು ತಮ್ಮ ಮನೆಯ ತಾಯಂದಿರ ಕೈಗಿತ್ತು, ಅವರು ಕುಳಿತು ಕುಡಿಯುವವರೆಗೆ ಮಗುವನ್ನು ತಾವು ಎತ್ತಿಕೊಳ್ಳಲಿ.