ಅಗೆಯುವವನಿಗೂ ಬೆಳೆಯುವವನಿಗೂ ಒಂದೇ ದರವೇ?

ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಗೋಲ್ಡನ್‌ಸೀಲ್ ಅಂತ ಒಂದು ಪುಟ್ಟ ಗಿಡವಿದೆ. ಎತ್ತರ ಒಂದಡಿ. ಎಲೆ ಎರಡು, ಹೂ ಒಂದೇ. ಆ ಹೂವಿಗೂ ದಳಗಳಿಲ್ಲ, ಬಿಳಿ ಕೇಸರಗಳ ಗೊಂಚಲು ಅಷ್ಟೆ. ನಮ್ಮ ಆಯುರ್ವೇದದ ಅತಿವಿಷ, ವತ್ಸನಾಭಿಗಳ ಕುಟುಂಬದ್ದೇ. ಮಣ್ಣಿನೊಳಗಿನ ಗಡ್ಡೆ ಮಾತ್ರ ಅರಿಶಿನದ ಹಾಗೆ ಹಳದಿ. ಚೆರೋಕಿ ಮುಂತಾದ ಮೂಲನಿವಾಸಿಗಳು ಅದನ್ನು ಮದ್ದಿಗೂ ಬಣ್ಣಕ್ಕೂ ಬಳಸುತ್ತಿದ್ದರು.

ಆಮೇಲೆ ಔಷಧಿ ವ್ಯಾಪಾರ ಬೆಳೆಯಿತು. ಎಲೆ ಕೊಯ್ದರೆ ಗಿಡ ಚಿಗುರೀತು, ಗಡ್ಡೆಯನ್ನೇ ಅಗೆದರೆ? ಕಾಡಿನಲ್ಲಿ ಗಿಡ ಕಮ್ಮಿಯಾಗುತ್ತಾ ಬಂತು. 1997ರಲ್ಲಿ ಅದನ್ನು ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. ಆದರೆ ಆ ಕಡಿವಾಣ ದೇಶದಾಚೆ ಹೋಗುವ ಮಾಲಿಗೆ ಮಾತ್ರ. ಒಳಗಿನ ಮಾರಾಟಕ್ಕೆ ಅದು ತಾಗುವುದಿಲ್ಲ.

ಇದನ್ನು ಬೆಳೆಯಲು ಬಾರದೆಂದಲ್ಲ. ಮರಗಳ ಕೆಳಗೆ, ನೂರಕ್ಕೆ 70ರಷ್ಟು ನೆರಳಿನಲ್ಲಿ, ಗಡ್ಡೆಯ ತುಂಡು ನೆಟ್ಟರೆ 3ರಿಂದ 5 ವರ್ಷಕ್ಕೆ ಅಗೆಯಬಹುದು. ತೊಡಕು ಬೇರೆಯೇ. ಕಾಡಿನಿಂದ ಅಗೆದು ತರುವವನಿಗೆ ನೆಡುವ ಖರ್ಚಿಲ್ಲ, ಕಾಯುವ ಕಷ್ಟವಿಲ್ಲ. ಇಬ್ಬರಿಗೂ ಒಂದೇ ದರವಾದರೆ ನೆಡುವವನು ಯಾಕೆ ನೆಟ್ಟಾನು? ಅದಕ್ಕೇ ಅಲ್ಲಿ ಈಗ ಕಾಡಿನ ನೆರಳಲ್ಲಿ ಬೆಳೆದ ಮಾಲಿಗೆ ದೃಢೀಕರಣ ಕೊಡುವ ವ್ಯವಸ್ಥೆ ಇದೆ.

ಅಷ್ಟು ದೂರದ ಗಿಡದ ಸುದ್ದಿ ನಮಗೇಕೆ ಅಂತೀರಾ? ಅದರ ಗಡ್ಡೆಯ ಹಳದಿಗೆ ಕಾರಣ ಬರ್ಬೆರಿನ್. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಯಲ್ಲಿರುವುದೂ ಅದೇ. ಕುಟುಂಬ ಬೇರೆ, ಹಣೆಬರಹ ಒಂದೇ. ದಾರುಹರಿದ್ರದ ಹೆಸರಿನಲ್ಲಿ ಮಾರಲು ಬಳ್ಳಿಯನ್ನು ಬುಡಸಮೇತ ಕಡಿಯುತ್ತಾರೆ. ಬೀಜ ಮೊಳೆಯುವುದು ನಿಧಾನ, ಬಳ್ಳಿ ದಪ್ಪವಾಗಲು ಹತ್ತಾರು ವರ್ಷ ಬೇಕು. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಒಂದನ್ನು ಕಡಿದು ಮುಗಿಸಿದರೆ ಇನ್ನೊಂದಿದ್ದೂ ಕಾಯಿ ಕಟ್ಟುವುದಿಲ್ಲ.

'ಔಷಧಿ ಗಿಡ ಬೆಳೆಸಿ' ಅಂತ ನಮಗೆ ಉಪದೇಶ ಮಾಡುವವರು ಬಹಳ. ನಾನು ಕೇಳುವುದು ಇಷ್ಟೆ: ನೆಟ್ಟು ಬೆಳೆಸಿದ ಮಾಲಿಗೆ ಬೇರೆ ದರ ಕೊಡುತ್ತೀರಾ? ಕಾಡಿನಿಂದ ಕಡಿದು ತಂದದ್ದನ್ನು ಬೇಡ ಅನ್ನುತ್ತೀರಾ? ಕೊಳ್ಳುವವರು ಇದಕ್ಕೆ ಮೊದಲು ಉತ್ತರ ಹೇಳಲಿ.

ನಮ್ಮ ಪಾಲಿನ ಕೆಲಸವೂ ಇದೆ. ತೋಟದ ಅಂಚಿನ ಹಳೇ ಮರಕ್ಕೆ ನಾಲ್ಕು ಬಳ್ಳಿ ಹಬ್ಬಿಸಲು ಹೆಚ್ಚು ಜಾಗ ಬೇಡ. ನೆಟ್ಟ ವರ್ಷ, ಸಸಿ ತಂದ ಜಾಗ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಮಕ್ಕಳು ಅದನ್ನು ಮಾರಲು ಹೊರಟಾಗ ಇದು ಕಾಡಿನದ್ದಲ್ಲ, ನಮ್ಮದು ಅಂತ ಹೇಳಲು ಆಧಾರವಾದರೂ ಇದ್ದೀತು.