ಕಟ್ಟೆ ಮೊದಲು, ದಾರಿ ಆಮೇಲೆ

ನಂದಿದುರ್ಗ ಎಂದರೆ ಹೊರಗಿನವರಿಗೆ ಬೆಟ್ಟ, ಕೆಜಿಎಫ್‌ನವರಿಗೆ ಗಣಿ. ಬೆಟ್ಟ ಇರುವುದು ನಮ್ಮಿಂದ ವಾಯವ್ಯಕ್ಕೆ, ನೇರ ಗೆರೆ ಎಳೆದರೆ ಸುಮಾರು 80 ಕಿಲೋಮೀಟರ್ ದೂರದಲ್ಲಿ. ಬ್ರಿಟಿಷರ ಕಂಪನಿ ಆ ಹೆಸರನ್ನು ತಂದು ಚಿನ್ನದ ಗಣಿಗೆ ಇಟ್ಟಿತು, ಗಣಿಯ ಸುತ್ತ ಎದ್ದ ಕೂಲಿ ಲೈನುಗಳಿಗೂ ಅದೇ ಹೆಸರು ಅಂಟಿಕೊಂಡಿತು. 2001ರ ಫೆಬ್ರುವರಿ 28ಕ್ಕೆ ಗಣಿಗಳಿಗೆ ಬೀಗ ಬಿತ್ತು. ಹಿರಿಯರು ಲೈನುಗಳಲ್ಲೇ ಉಳಿದರು. ಮಕ್ಕಳು ನಸುಕಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುತ್ತ, ಒಂದು ದಿನ ಹೋದವರು ಬರದೆ, ಎಲ್ಲೆಲ್ಲಿಗೋ ಹೋಗಿ ನೆಲೆಸಿದರು.

ನಮ್ಮ ಬೀದಿಯ ಹುಡುಗಿಯೊಬ್ಬಳು ಹಾಗೆ ನೆಲೆಸಿದ್ದು ಕೆನಡಾದ ಒಟ್ಟಾವದಲ್ಲಿ. ಅವಳ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಪಾಳಿ ಮಾಡಿದವರು. ಈ ಜನವರಿಯಲ್ಲಿ ಅವಳು ವೀಡಿಯೊ ಕಾಲ್ ಮಾಡಿದಾಗ ಹಿಂದೆ ಕಂಡದ್ದು ಮರದ ಗೋಡೆ, ಕಬ್ಬಿಣದ ಒಲೆ, ಒಲೆಯ ಮೇಲೆ ಅಡ್ಡ ಕಟ್ಟಿದ ತಂತಿಗೆ ನೇತುಹಾಕಿದ ಹತ್ತಿಪ್ಪತ್ತು ಕೈಗವಸು, ಕಾಲುಚೀಲ. ಒಂದು ಚಿಕ್ಕ ಕೆಂಪು ಕೈಗವಸಿನಿಂದ ಹನಿ ಒಲೆಯ ಮೇಲೆ ಬಿದ್ದು ಚುಂಯ್ ಎನ್ನುತ್ತಿತ್ತು. ಒದ್ದೆ ಉಣ್ಣೆ ಕಾದಾಗ ಮಳೆಯಲ್ಲಿ ನೆಂದ ಕುರಿಯ ವಾಸನೆ ಬರುತ್ತದಂತೆ. ಅದನ್ನು ಹೇಳಿ ತಾನೇ ನಕ್ಕಳು. ಅವಳಿದ್ದದ್ದು ನಗರದಿಂದ ನದಿ ದಾಟಿದರೆ ಸಿಗುವ ಗ್ಯಾಟಿನೋ ಪಾರ್ಕ್ ಎಂಬ ಕಾಡಿನಲ್ಲಿ, 361 ಚದರ ಕಿಲೋಮೀಟರ್. ಚಳಿಗಾಲದಲ್ಲಿ ಅಲ್ಲಿ ಕಾಲಿಗೆ ಸ್ನೋಶೂ ಎಂಬ ಅಗಲ ಹಲಗೆ ಕಟ್ಟಿಕೊಂಡು ಹಿಮದಲ್ಲಿ ನಡೆಯುವವರಿಗೇ ಬೇರೆ ದಾರಿಗಳಿವೆ. ಹೊರಟಲ್ಲಿಗೇ ತಿರುಗಿ ಬರುವ ಸುತ್ತುದಾರಿಗಳೂ ಅವುಗಳಲ್ಲಿವೆ. ನಡುನಡುವೆ ಕೀಗನ್, ಹ್ಯೂರನ್, ವೆಸ್ಟರ್ನ್ ಎಂಬಂಥ ಹೆಸರಿನ ಮರದ ಮನೆಗಳು. ಕರೆಂಟಿಲ್ಲ, ನಲ್ಲಿ ಇಲ್ಲ. ಒಲೆ ಇದೆ, ಸೌದೆ ಇದೆ, ಬೆಂಚು ಇದೆ. ಬಂದವರು ಕೂರುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಮೈ ಕಾಯಿಸಿಕೊಂಡು ಮುಂದೆ ಹೋಗುತ್ತಾರೆ.

ಸ್ನೋಶೂ ನೋಡಿದರೆ ಆಟದ ಸಾಮಾನಿನಂತೆ ಕಾಣುತ್ತದೆ, ಆದರೆ ಅದರ ಹಿಂದಿನ ಲೆಕ್ಕ ಗಟ್ಟಿ. ಬೂಟಿನ ಅಟ್ಟೆ ಸುಮಾರು 250 ಚದರ ಸೆಂಟಿಮೀಟರ್. ಮೈಭಾರವೆಲ್ಲ ಅಷ್ಟರ ಮೇಲೆ ಬಿದ್ದರೆ ಹೊಸ ಹಿಮದಲ್ಲಿ ಕಾಲು ಮೊಣಕಾಲಿನವರೆಗೆ ಇಳಿಯುತ್ತದೆ. ಅದೇ ಭಾರ ನಾಲ್ಕೈದು ಪಟ್ಟು ಅಗಲದ ಹಲಗೆಗೆ ಹಂಚಿಹೋದರೆ ಕಾಲು ಒಂದಿಷ್ಟು ಇಳಿದು ನಿಲ್ಲುತ್ತದೆ. ಅಲ್ಗಾಂಕ್ವಿನ್, ಕ್ರೀ ಮೊದಲಾದ ಅಲ್ಲಿಯ ಮೂಲನಿವಾಸಿಗಳು ಆಶ್ ಮೊದಲಾದ ಮರಗಳ ಪಟ್ಟಿಯನ್ನು ಬಾಗಿಸಿ, ಹಸಿ ತೊಗಲಿನ ದಾರ ಹೆಣೆದು ಇದನ್ನು ಮಾಡುತ್ತಿದ್ದರು. ಚಳಿಗಾಲದಲ್ಲಿ ಬೇಟೆಗೆ ಹೋಗಲು ಅವರಿಗೆ ಇದೇ ಗತಿ. ಇವತ್ತಿನದು ಅಲ್ಯೂಮಿನಿಯಂ, ಪ್ಲಾಸ್ಟಿಕ್. ಲೆಕ್ಕ ಬದಲಾಗಿಲ್ಲ.

ಅವಳ ಮಾತಿನಲ್ಲಿ ನನ್ನನ್ನು ಹಿಡಿದದ್ದು ಬೇರೆ. "ಮಾಮ, ಅಲ್ಲಿ ಚಳೀಗೆ ಯಾರೂ ಹೆದರಲ್ಲ, ಬೆವರಿಗೆ ಹೆದರ್ತಾರೆ" ಅಂದಳು. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿದ್ದರೆ ಸರಿಯಾಗಿ ಬಟ್ಟೆ ಹಾಕಿದ್ದೇವೆ ಎಂದು ಅರ್ಥವಂತೆ. ಬೆಚ್ಚಗಿದ್ದರೆ ಒಂದು ಪದರ ಬಿಚ್ಚಿ ಚೀಲಕ್ಕೆ ಸೇರಿಸಬೇಕು. ಏಕೆಂದರೆ ಹಿಮದಲ್ಲಿ ಕಾಲೆತ್ತಿ ನಡೆಯುವುದು ದಣಿವಿನ ಕೆಲಸ, ಕಾಲು ಗಂಟೆಯಲ್ಲಿ ಮೈ ಬಿಸಿಯೇರುತ್ತದೆ. ಬೆವರಿದರೆ ಒಳಬಟ್ಟೆ ನೆನೆಯುತ್ತದೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಮೈಶಾಖವನ್ನು ಹೊರಗೆ ಸಾಗಿಸುತ್ತದೆ. ನಡೆಯುತ್ತಿರುವಷ್ಟು ಹೊತ್ತು ಗೊತ್ತಾಗುವುದಿಲ್ಲ, ನಿಂತ ಕೂಡಲೇ ನಡುಕ ಹಿಡಿಯುತ್ತದೆ. ಹತ್ತಿಬಟ್ಟೆ ಬೇಡ ಎನ್ನುವುದೂ ಇದಕ್ಕೇ. ನೆಂದ ಹತ್ತಿ ಮೈಗಂಟಿಕೊಂಡು ಕೂರುತ್ತದೆ, ನೆಂದ ಉಣ್ಣೆ ಅಷ್ಟಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಹೀಗಾಗಿ ಆ ಒಲೆಮನೆಯಲ್ಲಿ ಚಳಿ ಕಾಯಿಸುವುದು ಅರ್ಧ ಕೆಲಸ, ಒಣಗಿಸಿಕೊಳ್ಳುವುದು ಉಳಿದರ್ಧ. ನಿಂತರೆ ಕೆಡುಕು ಎನ್ನುವ ದಾರಿಯಲ್ಲಿ ನಿಲ್ಲಲೆಂದೇ ಒಂದು ಜಾಗ ಮಾಡಿಟ್ಟಿದ್ದಾರೆ.

ಬೆವರಿಗೆ ಹೆದರುವ ಈ ಮಾತನ್ನು ಅವಳ ತಾತನ ಮುಂದೆ ಹೇಳಿದ್ದರೆ ಅವರು ನಗುತ್ತಿದ್ದರು. ಬೆವರು ಬಾರದಿದ್ದರೆ ಸತ್ತೆವು ಎನ್ನುವ ಜಾಗದಲ್ಲಿ ಅವರು ದುಡಿದದ್ದು. ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು 3,200 ಮೀಟರ್ ಕೆಳಕ್ಕೆ ಇಳಿದಿತ್ತು, ಲೋಕದ ಅತಿ ಆಳದ ಗಣಿಗಳಲ್ಲಿ ಒಂದು. ತಳದಲ್ಲಿ ಬಂಡೆಯ ಶಾಖ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮುಟ್ಟಿದರೆ ಕೈ ಸುಡುವ ಗೋಡೆ. ಅಲ್ಲಿ ಮನುಷ್ಯ ಬದುಕಿ ಬರುವುದು ಬೆವರು ಆರುವುದರಿಂದ. ಗಾಳಿ ತೇವದಿಂದ ತುಂಬಿದ್ದರೆ ಬೆವರು ಆರದು, ಸುಮ್ಮನೆ ಸುರಿಯುತ್ತದೆ, ಮೈ ತಂಪಾಗುವುದಿಲ್ಲ. ಅದಕ್ಕೇ ಗಣಿಯವರು ಮೇಲೆ ಯಂತ್ರ ಕೂರಿಸಿ, ಗಾಳಿಯ ತೇವ ತೆಗೆದು, ತಂಪು ಮಾಡಿ ಶಾಫ್ಟಿನೊಳಗೆ ಇಳಿಸುತ್ತಿದ್ದರು.

ಕೆಳಗೆ ತಂಪು ಗಾಳಿ ಬರುವ ಕಡೆ ಹೋಗಿ ಅರೆಗಳಿಗೆ ನಿಲ್ಲುತ್ತಿದ್ದರು ಎಂದು ಹಳೆ ಗಣಿಯವರು ಹೇಳುತ್ತಾರೆ. ಆ ನಿಲುಗಡೆಗೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ಮೊಮ್ಮಗಳು ಬಿಸಿಗೆಂದು ನಿಂತರೆ ತಾತ ತಂಪಿಗೆಂದು ನಿಂತರು. ಎರಡೂ ಕಡೆ ನಿಲುಗಡೆಯ ಅಂತರ ತೀರ್ಮಾನವಾಗಿದ್ದು ಮನುಷ್ಯನ ಮೈ ಎಷ್ಟು ತಡೆದುಕೊಳ್ಳುತ್ತದೆ ಎನ್ನುವುದರ ಮೇಲೆ.

ಹಳಬರಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು. ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಬದಿ ಆಲ ನೆಡಿಸಿದ್ದು, ಮಾವಿನ ತೋಪು ಹಾಕಿಸಿದ್ದು, ಗೊತ್ತಾದ ಅಂತರಕ್ಕೊಂದು ಬಾವಿ ತೋಡಿಸಿದ್ದು, ತಂಗುಮನೆ, ಅರವಟ್ಟಿಗೆ ಮಾಡಿಸಿದ್ದು ಎಲ್ಲವನ್ನೂ ಬರೆಸಿದ್ದಾನೆ. ಬರೆಸಿದ ಮೇಲೆ, ಇದೇನೂ ದೊಡ್ಡ ಉಪಕಾರವಲ್ಲ, ಹಿಂದಿನ ಅರಸರೂ ಮಾಡಿದ್ದರು ಎಂದು ತಾನೇ ಸೇರಿಸುತ್ತಾನೆ. ಈಗಿನ ಬಸ್ ತಂಗುದಾಣಗಳ ಹಣೆಯ ಮೇಲೆ ಅನುದಾನ ಕೊಟ್ಟವರ ಹೆಸರು ಎಷ್ಟು ದಪ್ಪ ಅಕ್ಷರದಲ್ಲಿರುತ್ತದೆ ಎಂದು ಬಲ್ಲವರಿಗೆ ಆ ಸಾಲು ರುಚಿಸೀತು.

ಅರಸರ ಕೆಲಸಕ್ಕಿಂತ ನನಗೆ ಹೆಚ್ಚು ಮೆಚ್ಚಾದದ್ದು ಹೊರೆಗಲ್ಲು. ನಮ್ಮ ಕಡೆಯ ಹಳೆ ಕಾಲುದಾರಿಗಳಲ್ಲಿ ಅಲ್ಲೊಂದು ಇಲ್ಲೊಂದು ಈಗಲೂ ನಿಂತಿದೆ. ಎರಡು ಕಂಬ, ಮೇಲೊಂದು ಅಡ್ಡಗಲ್ಲು, ಅಷ್ಟೇ. ಅದರ ಎತ್ತರ ನೋಡಬೇಕು, ಹೆಚ್ಚುಕಡಿಮೆ ಆಳಿನ ಹೆಗಲಷ್ಟು. ತಲೆಯ ಮೇಲೆ ಸೌದೆಯನ್ನೋ ರಾಗಿ ಮೂಟೆಯನ್ನೋ ಹೊತ್ತು ಸಂತೆಗೆ ನಡೆದವರ ಕಷ್ಟ ಏನೆಂದರೆ ಅವರು ಕೂರುವ ಹಾಗಿಲ್ಲ. ನೆಲಕ್ಕಿಳಿಸಿದ ಹೊರೆಯನ್ನು ಮತ್ತೆ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು, ದಾರಿಯಲ್ಲಿ ಆ ಇನ್ನೊಬ್ಬರು ಇರುವುದಿಲ್ಲ. ಹೆಗಲೆತ್ತರದ ಕಲ್ಲಿದ್ದರೆ ಕತ್ತು ಬಗ್ಗಿಸಿ ಹೊರೆಯನ್ನು ಅದರ ಮೇಲೆ ಜಾರಿಸಿ, ಸಿಂಬೆ ಸರಿಮಾಡಿಕೊಂಡು, ಎಲೆಅಡಿಕೆ ಹಾಕಿ, ಮತ್ತೆ ಕತ್ತು ಕೊಟ್ಟು ಹೊರಟುಬಿಡಬಹುದು. ಹೊತ್ತವಳ ಕತ್ತಿನ ನೋವು ಬಲ್ಲವರು ಮಾತ್ರ ಆ ಎತ್ತರ ಗುರುತು ಹಾಕಬಲ್ಲರು. ಗಡಿಯಾಚೆಯ ತಮಿಳು ಸೀಮೆಯಲ್ಲಿ ಬಸುರಿನಲ್ಲೇ ತೀರಿಕೊಂಡ ಹೆಂಗಸಿನ ನೆನಪಿಗೆ ಇಂಥ ಕಲ್ಲು ನೆಡುವ ರೂಢಿ ಇತ್ತು. ಇಳಿಸಲಾಗದ ಹೊರೆ ಹೊತ್ತೇ ಹೋದವಳಿಗಾಗಿ ಇನ್ನೊಬ್ಬರು ಹೊರೆ ಇಳಿಸುವ ಕಲ್ಲು. ಗುಡಿ ಕಟ್ಟಿಸಿದ್ದರೂ ಇಷ್ಟು ಅರ್ಥ ಬರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಸುತ್ತಿ ಬರುವ ದಾರಿಯೂ ನಮಗೆ ಹೊಸದಲ್ಲ. ಆಷಾಢದಲ್ಲಿ ನಂದಿ ಗ್ರಾಮದಿಂದ ಹೊರಟು ಬೆಟ್ಟ ಸುತ್ತುವ ಗಿರಿ ಪ್ರದಕ್ಷಿಣೆ ನಡೆಯುತ್ತದೆ, ಭೋಗನಂದೀಶ್ವರನ ದರ್ಶನ ಮಾಡಿ ಜನ ಬರಿಗಾಲಲ್ಲೇ ಹೊರಡುತ್ತಾರೆ. ಕೆಜಿಎಫ್‌ನವರು ಹುಣ್ಣಿಮೆಗೆ ತಿರುವಣ್ಣಾಮಲೈಗೆ ಬಸ್ಸು ಮಾಡಿಕೊಂಡು ಹೋಗುವುದುಂಟು, ಅಲ್ಲಿಯ ಗಿರಿವಲಂ 14 ಕಿಲೋಮೀಟರ್. ಆ ಸುತ್ತಿನಲ್ಲಿ ದಿಕ್ಕಿಗೊಂದರಂತೆ ಎಂಟು ಲಿಂಗಗಳ ಗುಡಿಗಳಿವೆ. ಭಕ್ತಿ ಇದ್ದವರಿಗೆ ಅವು ಎಂಟು ದೇವರು, ಮಂಡಿನೋವು ಇದ್ದವರಿಗೆ ಎಂಟು ಜಗಲಿ. ಬಹಳ ಮಂದಿಗೆ ಎರಡೂ ಹೌದು.

ಇಷ್ಟೆಲ್ಲ ಹೇಳಲು ಕಾರಣವಿದೆ. ಕೆಜಿಎಫ್‌ನ್ನು ಪ್ರವಾಸಿ ತಾಣ ಮಾಡಬೇಕು ಎನ್ನುವ ಮಾತು ಆಗಾಗ ಏಳುತ್ತದೆ, ಅದೇ ಹೆಸರಿನ ಸಿನಿಮಾ ಬಂದ ಮೇಲಂತೂ ಹೆಚ್ಚು. ಕಮ್ಮಸಂದ್ರದ ಕೋಟಿಲಿಂಗದ ಗುಡಿಗೆ ಬಂದ ಕಾರುಗಳು ಕಣ್ಣಿಗೆ ಬಿದ್ದ ಸೈನೈಡ್ ದಿಬ್ಬದ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತವೆ. ನಂದಿದುರ್ಗದಿಂದ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಮುಟ್ಟಿ, ಲೈನುಗಳ ನಡುವೆ ತಿರುಗಿ ಬರುವ ಒಂದು ನಡಿಗೆಯ ಸುತ್ತು ಸಾಧ್ಯವಿದೆ. ಸಾಲು ಶಾಫ್ಟುಗಳು, ಇಂಗ್ಲಿಷ್ ಬಂಗಲೆ, ಹತ್ತಡಿ ಲೈನು ಮನೆ, ಗುಡಿ, ಚರ್ಚು, ದರ್ಗಾ ಎಲ್ಲ ಒಂದೇ ನಡಿಗೆಯಲ್ಲಿ ಸಿಗುವ ಊರು ರಾಜ್ಯದಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ. ಆದರೆ ಈ ಮಾತು ಎತ್ತಿದವರೆಲ್ಲ ಮೊದಲು ಕೇಳುವುದು ಸ್ವಾಗತ ಕಮಾನು, ಸೆಲ್ಫಿ ಪಾಯಿಂಟು, ಪಾರ್ಕಿಂಗು.

ನನ್ನ ವಾದ ತಿರುಗುಮುರುಗು. ಇಲ್ಲಿ ನಡೆಯುವವರಿಗೆ ಶತ್ರು ಬಿಸಿಲು ಮತ್ತು ದೂಳು. ದಶಕಗಟ್ಟಲೆ ಅದಿರು ಅರೆದು ಸುರಿದ ಹಿಟ್ಟುಮಣ್ಣಿನ ಆ ಸೈನೈಡ್ ದಿಬ್ಬಗಳ ದೂಳು ಗಾಳಿಗಾಲದಲ್ಲಿ ಎದ್ದು ಮನೆಯೊಳಗಿನ ಅನ್ನದ ತಟ್ಟೆಗೂ ಬೀಳುತ್ತದೆ. ಆ ದಿಬ್ಬದ ಪಕ್ಕ ಬೆಂಚು ಹಾಕಿ ವ್ಯೂ ಪಾಯಿಂಟ್ ಎನ್ನುವುದು ಹುಚ್ಚು. ಗಾಳಿ ಯಾವ ತಿಂಗಳು ಯಾವ ಕಡೆಯಿಂದ ಬೀಸುತ್ತದೆ ಎಂದು ದಿಬ್ಬದ ಕೆಳಗಿನ ಮನೆಯ ಹೆಂಗಸರನ್ನು ಕೇಳಿದರೆ ಸಾಕು, ಅವರು ಬಟ್ಟೆ ಒಣಹಾಕುವುದೇ ಆ ಲೆಕ್ಕದಲ್ಲಿ. ನೆಲ ಎಲ್ಲಿ ಟೊಳ್ಳು, ಎಲ್ಲಿ ಹಳೆ ಶಾಫ್ಟಿನ ಬಾಯಿ ತೆರೆದಿದೆ ಎನ್ನುವುದನ್ನು ನಿವೃತ್ತ ಗಣಿಯವರು ಬೆರಳಿಟ್ಟು ತೋರಿಸುತ್ತಾರೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಆಮೇಲೆ ಹುಣಸೆ, ಹೊಂಗೆ ಎಲ್ಲಿ ಈಗಾಗಲೇ ನೆರಳು ಕೊಡುತ್ತಿವೆ ನೋಡಿ ಅವುಗಳ ಬುಡಕ್ಕೊಂದು ಕಟ್ಟೆ. ಕಟ್ಟೆಗೊಂದು ನೀರಿನ ಮಡಕೆ. ಎಪ್ಪತ್ತರ ಮುದುಕರು ಮಾರ್ಚ್ ತಿಂಗಳ ಹತ್ತು ಗಂಟೆ ಬಿಸಿಲಲ್ಲಿ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ದಮ್ಮು ಕಟ್ಟದೆ ಹೋಗಬೇಕು, ಅಂತರಕ್ಕೆ ಅದೇ ಅಳತೆ. ಕಟ್ಟೆಗಳು ಗೊತ್ತಾದ ಮೇಲೆ ಅವನ್ನು ಜೋಡಿಸುವ ಗೆರೆಯೇ ದಾರಿ.

ಗ್ಯಾಟಿನೋದ ಒಲೆಮನೆಗಳಿಗೆ ಸೌದೆ ಒದಗಿಸುವುದು ಅಲ್ಲಿಯ ರಾಜಧಾನಿ ಆಯೋಗದ ಹೊಣೆ. ಒಂದು ವಾರ ಸೌದೆ ಬಾರದಿದ್ದರೆ ಒಲೆಮನೆ ಬರೀ ಮರದ ಡಬ್ಬ. ಹೊರೆಗಲ್ಲಿಗೆ ಮೇಲುಸ್ತುವಾರಿ ಬೇಡ, ಅರವಟ್ಟಿಗೆಗೆ ಬೇಕೇ ಬೇಕು. ಬೆಳಿಗ್ಗೆ ಮಡಕೆ ತೊಳೆದು ನೀರು ತುಂಬಿ, ಮಧ್ಯಾಹ್ನ ಮತ್ತೆ ತುಂಬಿ, ಸಂಜೆ ಲೋಟ ಎಣಿಸಿ ಎತ್ತಿಡುವ ಒಬ್ಬರು ಬೇಕು, ಅವರಿಗೆ ತಿಂಗಳ ಸಂಬಳ ಬೇಕು. ನಮ್ಮಲ್ಲಿ ಕಟ್ಟಡಕ್ಕೆ ದುಡ್ಡು ಹುಟ್ಟುತ್ತದೆ, ನೀರು ತುಂಬುವವರಿಗೆ ಹುಟ್ಟುವುದಿಲ್ಲ. ಪ್ರವಾಸೋದ್ಯಮದ ಯೋಜನೆ ಬರೆಯುವವರು ಆ ಸಂಬಳದ ಸಾಲನ್ನು ಕಮಾನಿನ ಸಾಲಿಗಿಂತ ಮೇಲೆ ಬರೆಯಲಿ. ಲೈನುಗಳಲ್ಲಿ ಆ ಕೆಲಸಕ್ಕೆ ಒಪ್ಪುವವರನ್ನು ಹುಡುಕಬೇಕಾಗಿಲ್ಲ. 2001ರಿಂದ ಅವರು ಕೆಲಸವಿಲ್ಲದೆ ಕೂತಿದ್ದಾರೆ.