ಬೇಸಿಗೆ ಶಿಬಿರಕ್ಕೆ ಈ ಮಕ್ಕಳೂ ಬರಲಿ



ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಬೇಸಿಗೆ ಶಿಬಿರ ನಡೆಸುವುದು ಒಳ್ಳೆಯ ಕೆಲಸ. ಆದರೆ ನಮ್ಮ ಇಂಡಿ ಭಾಗದಲ್ಲಿ ನಾನು ಕಂಡ ಶಿಬಿರದಲ್ಲಿ ಅಂಗವಿಕಲ ಮಕ್ಕಳೇ ಇರಲಿಲ್ಲ. ಬಾಗಿಲಲ್ಲಿ ಮೂರು ಮೆಟ್ಟಿಲು. ಅದರ ಮೇಲೆ ‘ನೋಡ್ಕೊಳ್ಳೋರು ಯಾರ್ರೀ?’ ಎಂಬ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟ, ಮನರಂಜನೆಯಲ್ಲೂ ಸಮಪಾಲು ಕೊಡಬೇಕೆನ್ನುತ್ತದೆ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5ರಷ್ಟು ಅಂಗವಿಕಲರಿಗೇ ಮೀಸಲು. ನೆರವಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆ ಮೀಸಲು ಹಣದಲ್ಲಿ ಒಂದು ಇಳಿಜಾರು ದಾರಿ, ಕರೆತರಲು ಆಟೊ ಬಾಡಿಗೆ, ಕಣ್ಣು ಕಾಣದ ಮಕ್ಕಳಿಗೆ ಗೆಜ್ಜೆ ಕಟ್ಟಿದ ಚೆಂಡು ಆಗುತ್ತದೆ. ಲಿಂಬೆ-ಚಮಚದ ಓಟವನ್ನು (ಇಂಡಿಯಲ್ಲಿ ಲಿಂಬೆಗೇನು ಬರ!) ವೀಲ್‌ಚೇರ್‌ನಲ್ಲಿ ಕೂತೂ ಆಡಬಹುದು, ಗೆಳೆಯ ತಳ್ಳಿದರಾಯಿತು. ಮುಂದಿನ ಏಪ್ರಿಲ್‌ಗೆ ಮೊದಲೇ ತಾಲ್ಲೂಕು ಪಂಚಾಯಿತಿಯವರು ಈ ಮಕ್ಕಳ ಪಟ್ಟಿ ಮಾಡಿ, ಮನೆಗೇ ಹೋಗಿ ಕರೆಯಲಿ.

– ಒಬ್ಬ ಪಾಲಕ, ಇಂಡಿ